ಒಂದೇ ಸಲ ಕೂಗಿದ್ದು

ಹೊಂಗನೂರಿನ ಸ್ಟಾಪಿನಲ್ಲಿ ಕೊನೇ ಬಸ್ಸು ಕನಕರಾಜು ಒಬ್ಬನನ್ನೇ ಇಳಿಸಿ ವಾಪಸ್ ಹೊರಟುಹೋಯಿತು. ಅದರ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಕತ್ತಲು...

ಕತ್ತಲು ಅಂದರೆ ಈಗಿನ ಕತ್ತಲಲ್ಲ ಅದು. ಎರಡು ಸಾವಿರದ ಏಳನೇ ಇಸವಿಯ ಮಾತು. ಆಗ ಬಿಡದಿ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಎದ್ದು ರಾತ್ರಿಯೆಲ್ಲ ದೀಪ ಉರಿಯುತ್ತಿತ್ತು. ನಮ್ಮ ಕಡೆ ಮಾತ್ರ ಸರಿಯಾಗಿ ಊಟಕ್ಕೆ ಕೂರುವ ಹೊತ್ತಿಗೆ ಕರೆಂಟು ತೆಗೆಯುತ್ತಿದ್ದರು. ಕನಕರಾಜು ಆ ಬೆಳಕಿನಲ್ಲಿ ದುಡಿದು ಈ ಕತ್ತಲಿಗೆ ಬಂದು ಮಲಗುತ್ತಿದ್ದ. ಅವರ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಇರುವುದು ಒಂದೇ ಬದು. ಹೀಗಾಗಿ ಇದು ಯಾರೋ ಹೇಳಿದ್ದನ್ನು ಯಾರೋ ಕೇಳಿದ್ದಲ್ಲ. ಹೆದರಿಕೆ ಆಗುವವರು ಈಗಲೇ ಎದ್ದು ಹೋಗಿ ಮಲಗಿ. ಅರ್ಧದಲ್ಲಿ ಎದ್ದರೆ ಬಚ್ಚಲ ತನಕ ಜೊತೆಗೆ ಬರುವವನು ನಾನಲ್ಲ.

ಸ್ಟಾಪಿನಿಂದ ಅವರ ಮನೆಗೆ ಹಿಪ್ಪುನೇರಳೆ ತೋಟಗಳ ನಡುವೆ ಗಾಡಿದಾರಿ. ನಡುದಾರಿಯಲ್ಲಿ ಒಂದು ಆಲದ ಮರ, ಅದರ ಮಗ್ಗುಲಲ್ಲೇ ಹಳೇ ಬಾವಿ. ಬೋರ್‌ವೆಲ್ ಬಂದ ಮೇಲೆ ಆ ಬಾವಿಯನ್ನು ಕೇಳುವವರೇ ಇರಲಿಲ್ಲ. ಕಟ್ಟೆ ಕುಸಿದು, ಸುತ್ತ ಲಂಟಾನ ಬೆಳೆದು, ಬಾವಿ ಎಲ್ಲಿಂದ ಶುರು ಅಂತ ಹಗಲಿನಲ್ಲೂ ನೋಡಿಕೊಂಡು ಹೆಜ್ಜೆ ಇಡಬೇಕಿತ್ತು.

ಅವತ್ತು ಕನಕರಾಜುವಿಗೆ ಬಾವಿಯ ನೆನಪಾಗಲಿ ಮರದ ನೆನಪಾಗಲಿ ಇರಲಿಲ್ಲ. ಅವನು ಒಬ್ಬನೇ ನಗುತ್ತ ಬರುತ್ತಿದ್ದ. ಮನೆಗೆ ಹೋದ ತಕ್ಷಣ ಅಪ್ಪನಿಗೆ ಹೇಳಬೇಕು ಅಂತ ಒಂದು ತಮಾಷೆ ಅವನ ನಾಲಗೆ ತುದಿಯಲ್ಲಿತ್ತು.

ಆ ತಮಾಷೆ ನಿಮಗೆ ತಿಳಿಯಬೇಕಾದರೆ ಅವನ ಕೆಲಸ ಏನು ಅಂತ ಹೇಳಬೇಕು. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಹೊಸ ಕಾರ್ಖಾನೆ. ಅದಕ್ಕೆ ಕಂಪ್ಯೂಟರಿನ ವೈರು ಎಳೆಯುವ ಗುತ್ತಿಗೆದಾರನ ಹತ್ತಿರ ಇವನು ಕೆಲಸಕ್ಕಿದ್ದ. ವೈರುಗಳೆಲ್ಲ ಬಂದು ಸೇರುವ ಒಂದು ಚಪ್ಪಟೆ ಪೆಟ್ಟಿಗೆ ಇರುತ್ತದೆ. ಅದಕ್ಕೆ ಸ್ವಿಚ್ಚು ಅಂತಾರೆ. ಮನೆಯ ದೀಪದ ಸ್ವಿಚ್ಚಲ್ಲ. ಅದರ ಮುಖದಲ್ಲಿ ಸಾಲಾಗಿ ಕಿಂಡಿಗಳು, ಒಂದೊಂದು ಕಿಂಡಿಯ ನೆತ್ತಿಗೂ ಒಂದು ಪುಟ್ಟ ದೀಪ. ಒಂದು ಸ್ವಿಚ್ಚು ಆಫೀಸಿನಲ್ಲಿ, ಇನ್ನೊಂದು ದೂರದ ಶೆಡ್ಡಿನಲ್ಲಿ. ಶೆಡ್ಡಿನ ಸ್ವಿಚ್ಚಿಗೆ ಒಂದು ಕಂಪ್ಯೂಟರ್ ಸಿಕ್ಕಿಸಿದರೆ, ಪಾಪ, ಅದಕ್ಕೆ ತನ್ನ ಅಡ್ರೆಸ್ ಏನು ಅಂತಲೇ ಗೊತ್ತಿರುವುದಿಲ್ಲ. ನನಗೊಂದು ಅಡ್ರೆಸ್ ಕೊಡ್ರಪ್ಪಾ ಅಂತ ವೈರಿನೊಳಗೆ ಕೂಗುತ್ತದೆ. ಆ ಕೂಗು ಎರಡೂ ಸ್ವಿಚ್ಚು ದಾಟಿ ಆಫೀಸಿನಲ್ಲಿರುವ ಸರ್ವರ್‌ಗೆ ಮುಟ್ಟಬೇಕು. ಅಲ್ಲಿಂದ ಅಡ್ರೆಸ್ ವಾಪಸ್ ಬರಬೇಕು. ಕೂಗಿದ್ದಕ್ಕೆ ಎಷ್ಟು ಹೊತ್ತಿಗೆ ಓಗೊಡುತ್ತದೆ ಅಂತ ಅಳೆದು ನೋಡುವುದೇ ಕೆಲಸ. ಶೆಡ್ಡಿನ ತುದಿಯಲ್ಲಿ ಕನಕರಾಜು, ಆಫೀಸಿನ ತುದಿಯಲ್ಲಿ ಚನ್ನಪಟ್ಟಣದ ಅಸದುಲ್ಲಾ, ನಡುವೆ ಮೊಬೈಲು.

ಅವತ್ತು ಅಳೆಯುವಾಗ ಒಂದು ವಿಚಿತ್ರ ಕಂಡಿತ್ತು. ವೈರು ಸಿಕ್ಕಿಸಿದ ಕೂಡಲೇ ಕಿಂಡಿಯ ದೀಪ ಕಿತ್ತಳೆ ಬಣ್ಣಕ್ಕೆ ಹತ್ತುತ್ತಿತ್ತು. ಕಂಪ್ಯೂಟರ್ ಕೂಗುತ್ತಿತ್ತು, ದೀಪ ಒಂದು ಸಲ ಮಿಣುಕುತ್ತಿತ್ತು, ಉತ್ತರ ಇಲ್ಲ. ಮತ್ತೆ ಕೂಗುತ್ತಿತ್ತು, ಇಲ್ಲ. ಇನ್ನೊಂದು ಸಲ ಕೂಗುವ ಹೊತ್ತಿಗೆ ದೀಪ ಹಸಿರಾಗಿ, ಆಗ ಅಡ್ರೆಸ್ ಬರುತ್ತಿತ್ತು.

"ಅದ್ಯಾಕ್ ಭಾಯ್, ಮೊದಲ್ನೇ ಕೂಗು ಕೇಳುಸ್ಕೊಳ್ದೇ ಇಲ್ಲ?" ಅಂತ ಕನಕರಾಜು ಫೋನಿನಲ್ಲಿ ಕೇಳಿದ್ದ.

"ಯಾರು ಏನು ಅಂತ ಗೊತ್ತಾಗೋಗಂಟ ಬಾಗ್ಲು ತಗ್ಯಲ್ಲ ಅದು," ಅಂದಿದ್ದ ಅಸದುಲ್ಲಾ. "ಬೇಕಂದ್ರೆ ಮೊದಲ್ನೇ ಕೂಗಿಗೇ ತಗ್ಯೋ ಹಂಗೂ ಮಾಡ್ಬೌದು. ಇನ್‌ಚಾರ್ಜ್ ಸಾಹೇಬ್ರು ಸದ್ಯಕ್ಕೆ ಬ್ಯಾಡ ಅಂದವ್ರೆ."

ಕನಕರಾಜು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಹಂಗಾದ್ರೆ ಈ ಸ್ವಿಚ್ಚು ನಮ್ಮಪ್ಪನ ತಾವ ಕುರಿ ಕಾಯ್ಕೊಂಡಿತ್ತು ಅನ್ನು!"

ಅವರಪ್ಪ ಪುಟ್ಟಲಿಂಗಯ್ಯ ಕುರಿ ಸಾಕಿದವನು. ಬೇಸಿಗೆಯಲ್ಲಿ ಅವರಿವರ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಿದ್ದ. ಕನಕರಾಜು ಚಿಕ್ಕವನಿದ್ದಾಗ ಅಪ್ಪನ ಜೊತೆ ಒಂದೇ ಕಂಬಳಿಯೊಳಗೆ ಮಂದೆಯ ಪಕ್ಕ ಮಲಗುತ್ತಿದ್ದ. ಆಗ ಪುಟ್ಟಲಿಂಗಯ್ಯ ಕಿವಿಯಲ್ಲಿ ಹೇಳಿಕೊಟ್ಟಿದ್ದು ಇದು.

"ರಾತ್ರಿವೊತ್ತು ಯಾರಾರ ನಿನ್ ಹೆಸರು ಹಿಡ್ದು ಕೂಗಿದ್ರೆ ತಟ್ಟಂತ ಓ ಅನ್ಬ್ಯಾಡ ಮಗ. ಅವು ಒಂದೇ ಸಲ ಕೂಗಾದು. ಎಲ್ಡನೇ ಸಲ ಕೂಗಕ್ಕೆ ಅವುಕ್ಕೆ ಬರಕಿಲ್ಲ. ಓ ಅಂದ್ಯೋ, ಎತ್ಕೊಂಡ್ ಹೋಯ್ತವೆ. ಮನುಸ್ರಾದ್ರೆ ಮೂರು ಸಲ ಕೂಗ್ತಾರೆ. ಮೂರು ಆಗ್ಲಿ, ಆಮ್ಯಾಕೆ ಓ ಅನ್ನು."

"ನೀನು ಕೂಗಿದ್ರೂವಾ?"

"ನಾನು ಕೂಗಿದ್ರೂವೆ. ನಾನು ಮೂರು ಸಲ ಕೂಗ್ತೀನಿ. ಒಂದೇ ಸಲ ಕೂಗುದ್ರೆ ಅದು ನಾನಲ್ಲ ಅಂತ ತಿಳ್ಕೊ."

ಹಾಗೆ ಹೇಳಿದ ಮೇಲೆ ಪುಟ್ಟಲಿಂಗಯ್ಯ ಒಂದು ದಿನವೂ ತಪ್ಪಲಿಲ್ಲ. ಹಗಲು ಹೊತ್ತಿನಲ್ಲಿ, ಎದುರಿಗೇ ಕೂತಿದ್ದರೂ, ಉಪ್ಪಿನಕಾಯಿ ತಾ ಅನ್ನುವುದಕ್ಕೂ ಕನಕಾ, ಕನಕಾ, ಕನಕಾ ಅಂತಲೇ ಕರೆಯುತ್ತಿದ್ದ. ನಾವೆಲ್ಲ ಅದನ್ನು ಅಣಕಿಸಿ ನಗುತ್ತಿದ್ದೆವು. ಸ್ವಿಚ್ಚಿನ ವಿಷಯ ಹೇಳಿದರೆ ಅಪ್ಪ ಹೇಗೆ ಮೀಸೆ ಅಡಿ ನಗುತ್ತಾನೆ ಅಂತ ನೆನೆಸಿಕೊಂಡೇ ಕನಕರಾಜು ಅವತ್ತು ದಾರಿ ಸವೆಸುತ್ತಿದ್ದ.

ಆಲದ ಮರದ ಕೆಳಗೆ ಬಂದ. ಜೀರುಂಡೆಗಳು ಕಿರ್ರೋ ಅನ್ನುತ್ತಿದ್ದವು... ತಟ್ಟನೆ ನಿಂತವು. ಒಂದು ಕಲ್ಲು ಎಲ್ಲಿಂದಲೋ ಉರುಳಿ 'ಡುಬುಕ್' ಅಂತು. ಆಮೇಲೆ ಏನೂ ಇಲ್ಲ. ಆಮೇಲೆ...

"ಕನಕಾ..."

ಅಪ್ಪನ ದನಿ. ಅದರಲ್ಲಿ ಅನುಮಾನವೇ ಇಲ್ಲ. ಆದರೆ ಎದುರಿಂದ ಬಂದದ್ದಲ್ಲ, ಹಿಂದಿನಿಂದಲೂ ಅಲ್ಲ. ಕೆಳಗಿನಿಂದ ಬಂದ ಹಾಗಿತ್ತು. ಬಾಯಿಗೆ ಕಂಬಳಿ ಅಡ್ಡ ಹಿಡಿದು ಕೂಗಿದ ಹಾಗಿತ್ತು.

ಕನಕರಾಜು ನಿಂತ. 'ಓ' ಅನ್ನುವುದು ಗಂಟಲ ತನಕ ಬಂದಿತ್ತು. ಹಿಡಿದುಕೊಂಡ. ಎರಡನೇ ಕೂಗಿಗೆ ಕಾದ. ಕಿವಿಯೆಲ್ಲ ಎದೆಬಡಿತ... ಡಬ್, ಡಬ್, ಡಬ್... ಎರಡನೇ ಕೂಗು ಬರಲಿಲ್ಲ. ಮೈಮೇಲಿನ ಕೂದಲೆಲ್ಲ ನೆಟ್ಟಗಾದವು. ಒಂದೇ ಸಲ ಕೂಗಿದರೆ ಅದು ನಾನಲ್ಲ ಅಂತ ಅಪ್ಪನೇ ಹೇಳಿದ್ದನಲ್ಲ. ಅವನು ಹಿಂದೆ ತಿರುಗಿ ನೋಡಲಿಲ್ಲ. ಬಿರಬಿರನೆ ನಡೆದ. ಆಮೇಲೆ ಓಡಿದ.

ಬಾಗಿಲಲ್ಲಿ ಅವರವ್ವ ಕೃಷ್ಣಮ್ಮ ಸೀಮೆಎಣ್ಣೆ ದೀಪ ಹಿಡಿದು ನಿಂತಿದ್ದಳು. ಮಗನ ಮುಖ ನೋಡಿದಳು. ಅವನ ಬೆನ್ನ ಹಿಂದೆ ಕತ್ತಲು ನೋಡಿದಳು.

"ಎಲ್ಲಿ, ನಿಮ್ಮಪ್ಪ?"

"ಅಪ್ಪ?"

"ಚಿರತೆ ಓಡಾಡ್ತಾವೆ ಅಂದ್ರು ಅಂತವ ಬ್ಯಾಟ್ರಿ ತಕ್ಕೊಂಡು ನಿನ್ ಎದ್ರುಗೇ ಬಂದ್ರಲ್ಲ ಮಗ. ದಾರೀಲಿ ಸಿಗ್ನಿಲ್ವಾ? ... ಕೂಗ್ನಿಲ್ವಾ?"

ಕನಕರಾಜು ಬಾಯಿ ತೆರೆದ. ಏನು ಬರಬೇಕಿತ್ತೋ ಅದು ಬರಲಿಲ್ಲ.

"ಇಲ್ಲ ಕಣವ್ವ," ಅಂದ.

ಅಂದವನೇ ಬಂದ ದಾರಿಯಲ್ಲಿ ವಾಪಸ್ ಓಡಿದ. ಅವನು 'ಬಾವಿ, ಬಾವಿ' ಅಂತ ಕಿರುಚಿಕೊಂಡು ಓಡಿದ ಸದ್ದಿಗೆ ನಾವೆಲ್ಲ ಎದ್ದೆವು. ಆಚೆ ಮನೆಯ ಹುಚ್ಚಯ್ಯ ಹಗ್ಗ ತಂದ, ನಾನು ಲಾಟೀನು ತಂದೆ. ಲಾಟೀನು ಬೇಕಾಗಲಿಲ್ಲ. ಬಾವಿಯ ನೀರು ಒಳಗಿನಿಂದ ಬೆಳಗುತ್ತಿತ್ತು. ತಳದಲ್ಲಿ ಬಿದ್ದಿದ್ದ ಅವನ ಬ್ಯಾಟ್ರಿ ಲೈಟು ಇನ್ನೂ ಆರಿರಲಿಲ್ಲ. ಆ ಹಸಿರು ಬೆಳಕಿನ ಮೇಲೆ ಪುಟ್ಟಲಿಂಗಯ್ಯ ಕವುಚಿ ತೇಲುತ್ತಿದ್ದ. ದಡದಲ್ಲಿ ಕಟ್ಟೆಯ ಒಂದು ಕಲ್ಲು ಕಿತ್ತುಹೋಗಿತ್ತು.

ಹುಚ್ಚಯ್ಯ ಇಳಿದ. ಹಗ್ಗ ಹಿಡಿದು ಎಳೆದವರಲ್ಲಿ ನಾನೂ ಒಬ್ಬ. ಮೇಲೆ ತಂದು ಮಲಗಿಸಿದ ಮೇಲೆ ಹುಚ್ಚಯ್ಯ ಕನಕರಾಜುವಿನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ.

"ಬೀಳ್ತಾನೇ ತಲೆಗೆ ಬಡ್ಕಂಡೈತೆ. ಆಗ್ಲೇ ಹೋಗ್ಬುಟ್ಟವ್ನೆ. ನೋವು ತಿನ್ನಿಲ್ಲ ಕಣಪ್ಪ. ಕೂಗಕ್ಕೂ ಪುರುಸೊತ್ತಿರ್ನಿಲ್ಲ."

ಸಮಾಧಾನಕ್ಕೆ ಅಂದ ಮಾತು ಅದು. ಕನಕರಾಜುವಿಗೆ ಅದೇ ಮಾತು ಎದೆಯೊಳಗೆ ಕೂತು ಕೊರೆಯಲು ಶುರುವಾಯಿತು. ಕೂಗಲು ಪುರುಸೊತ್ತಿರಲಿಲ್ಲ ಅಂದರೆ ಕೂಗಿದ್ದು ಯಾರು? ಕೂಗಿದ್ದು ಅಪ್ಪನೇ ಆದರೆ ಆಗ ಅವನಿಗೆ ಜೀವ ಇತ್ತು. ಒಂದು ಸಲಕ್ಕಾಗುವಷ್ಟು ಉಸಿರಿತ್ತು. ಮಿಕ್ಕ ಎರಡಕ್ಕೆ ಇರಲಿಲ್ಲ. ಮಗ ಅಲ್ಲೇ ಮೇಲೆ ನಿಂತು ಆ ಎರಡಕ್ಕೆ ಕಾಯುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ನಮಗೂ ಇಲ್ಲ, ಹೆತ್ತವಳಿಗೂ ಇಲ್ಲ.

ಮಾರನೇ ದಿನ ಬ್ಯಾಟ್ರಿಯನ್ನೂ ಮೇಲೆ ತೆಗೆದರು. ಆ ಹೊತ್ತಿಗೆ ಆರಿಹೋಗಿತ್ತು. ಕನಕರಾಜು ಅದರ ಬುಡ ತಿರುಪಿ, ನೀರು ಕುಡಿದು ಊದಿದ್ದ ಸೆಲ್ಲುಗಳನ್ನು ತೆಗೆದು ತಿಪ್ಪೆಗೆ ಎಸೆದ. ಬ್ಯಾಟ್ರಿಯನ್ನೂ ಎಸೆಯಲು ಕೈಯೆತ್ತಿದ. ಕೃಷ್ಣಮ್ಮ ಬಿಡಲಿಲ್ಲ. "ಇರ್ಲಿ ಬುಡು, ಅವ್ರ ಕೈಯಾಡಿದ್ದು," ಅಂತ ಇಸಿದುಕೊಂಡು ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು.

ತಿಥಿ ಮುಗಿಯಿತು. ಬೋಳು ತಲೆಗೆ ಟವೆಲು ಸುತ್ತಿಕೊಂಡು ಕನಕರಾಜು ಕೆಲಸಕ್ಕೆ ಹೋಗತೊಡಗಿದ. ನಮ್ಮಲ್ಲಿ ಯಾರಿಗೂ ಆ ಬಾವಿಯ ಕಡೆ ಹೋಗಲು ಧೈರ್ಯ ಇರಲಿಲ್ಲ, ಸುತ್ತಿಕೊಂಡು ಹಳ್ಳದ ಕಡೆಯಿಂದ ಬರುತ್ತಿದ್ದೆವು. ಅವನು ಮಾತ್ರ ದಿನಾ ರಾತ್ರಿ ಆ ದಾರಿಯಲ್ಲೇ ಬರುತ್ತಿದ್ದ. ಬರುವುದಷ್ಟೇ ಅಲ್ಲ. ಆಲದ ಮರದ ಕೆಳಗೆ ನಿಲ್ಲುತ್ತಿದ್ದ. 'ಓ' ಅನ್ನುವುದನ್ನು ತುಟಿಯ ಮೇಲೇ ಇಟ್ಟುಕೊಂಡು ನಿಲ್ಲುತ್ತಿದ್ದ.

"ಒಂದ್ಸಲ ಕೂಗಪ್ಪಾ..." ಅಂತ ಪಿಸುಗುಟ್ಟುತ್ತಿದ್ದ. "ಒಂದೇ ಸಲ ಸಾಕು..."

ಜೀರುಂಡೆಗಳು ನಿಲ್ಲದೆ ಕಿರ್ರೋ ಅನ್ನುತ್ತಿದ್ದವು. ಬಾವಿಯಲ್ಲಿ ಕಪ್ಪೆ 'ವಟ್' ಅಂದರೆ ಓಡಿ ಹೋಗಿ ಬಗ್ಗುತ್ತಿದ್ದ. ಏನೂ ಇಲ್ಲ. ಮನೆಗೆ ಬಂದರೆ ಕೃಷ್ಣಮ್ಮ ಮುದ್ದೆ ಇಟ್ಟು ಎದುರಿಗೆ ಕೂರುತ್ತಿದ್ದಳು. ಒಂದು ರಾತ್ರಿ, ಸಾರು ಬಡಿಸುತ್ತ, ತಲೆಯೆತ್ತದೆ ಮತ್ತೆ ಕೇಳಿದಳು.

"ಅವತ್ತು ಏನಾರ ಕೂಗಿದ್ರಾ ಮಗ?"

"ಇಲ್ಲ ಕಣವ್ವ."

ಅವಳು ಇನ್ನೊಂದು ಸೌಟು ಸಾರು ಬಿಟ್ಟಳು. ಅವನು ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

ಕಾರ್ಖಾನೆಯಲ್ಲೂ ಅದೇ ಗೋಳು. ಮೊದಲು ನಗು ಬರಿಸಿದ್ದ ಸ್ವಿಚ್ಚನ್ನು ಈಗ ಅವನಿಂದ ನೋಡಲಾಗುತ್ತಿರಲಿಲ್ಲ. ವೈರು ಸಿಕ್ಕಿಸಿದರೆ ಕಿತ್ತಳೆ ದೀಪ. ಯಾವುದೋ ಜೀವ ಒಳಗಿಂದ ಕೂಗುತ್ತಿದೆ, ಇದು ಬಾಗಿಲು ಹಾಕಿಕೊಂಡು ಕೂತಿದೆ. ಕನಕರಾಜು ಮುಖ ತಿರುಗಿಸಿಕೊಂಡುಬಿಡುತ್ತಿದ್ದ. ಅಸದುಲ್ಲಾನಿಗೆ ಅದು ಗೊತ್ತಾಗಿ, ಹೊತ್ತು ಎಷ್ಟಾಯಿತು ಅನ್ನುವುದನ್ನು ತಾನೇ ಆ ತುದಿಯಿಂದ ಬರೆದುಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ. ಅವರ ಮನೆಯಲ್ಲಿ ಎಲ್ಲರೂ ಬೊಂಬೆ ಕಡೆಯುವವರು, ಇವನೊಬ್ಬ ವೈರಿನ ಕೆಲಸಕ್ಕೆ ಬಂದಿದ್ದ.

ಕೆಲಸ ಒಪ್ಪಿಸುವ ದಿನ ಹತ್ತಿರ ಬಂತು. ಹಗಲು ಬೇರೆ ಗುತ್ತಿಗೆಯವರು ಗೋಡೆ ಕೊರೆಯುತ್ತ ಕರೆಂಟು ತೆಗೆದು ಹಾಕಿ ಮಾಡುತ್ತಿದ್ದರಿಂದ ಕೊನೆಯ ಟೆಸ್ಟುಗಳನ್ನು ರಾತ್ರಿ ಇಟ್ಟುಕೊಂಡರು. ಶೆಡ್ಡಿನಲ್ಲಿ ನರಪಿಳ್ಳೆ ಇಲ್ಲ. ಇನ್ನೂ ಬಿಚ್ಚದ ಯಂತ್ರಗಳು ಪ್ಲಾಸ್ಟಿಕ್ ಹೊದ್ದು ಸಾಲಾಗಿ ನಿಂತಿದ್ದವು. ಸ್ವಿಚ್ಚು ಇಟ್ಟಿದ್ದ ಕಬ್ಬಿಣದ ಬೀರುವಿನಲ್ಲಿ ಫ್ಯಾನು ಗುಂಯ್ ಅನ್ನುತ್ತಿತ್ತು. ಕನಕರಾಜು ನೆಲದ ಮೇಲೆ ಕೂತು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡಿದ್ದ.

'ಟಕ್.'

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ವೈರಿನ ಮೂತಿ ಕಿಂಡಿಗೆ ಕೂತಾಗ ಆಗುವ ಸದ್ದು. ತಲೆಯೆತ್ತಿ ನೋಡಿದ. ಯಾವ ವೈರೂ ಇಲ್ಲದ ಹನ್ನೊಂದನೇ ಕಿಂಡಿಯ ನೆತ್ತಿಯಲ್ಲಿ ಕಿತ್ತಳೆ ದೀಪ ಹತ್ತಿತ್ತು. ಅದು ಒಂದು ಸಲ ಮಿಣುಕಿತು... ಅಷ್ಟೇ. ಸ್ವಲ್ಪ ಹೊತ್ತು ಹಾಗೇ ಉರಿದು ಆರಿಹೋಯಿತು.

"ಭಾಯ್," ಅಂತ ಫೋನಿನಲ್ಲಿ ಮೆಲ್ಲಗೆ ಅಂದ. "ಹನ್ನೊಂದ್ರಲ್ಲಿ ಯಾವ್ದೋ ಕೂಗ್ತು."

"ಏನೂ ಹಾಕಿಲ್ವಲ್ಲೋ ಅದ್ರಲ್ಲಿ. ಧೂಳು ಹೋಗಿರ್ತದೆ, ಊದು."

ಊದಲು ಮುಖ ಹತ್ತಿರ ತಂದ. ಕಿಂಡಿಯಿಂದ ತಣ್ಣಗೆ ವಾಸನೆ ಬಂತು. ಪಾಚಿಯ ವಾಸನೆ. ಹಳೇ ನೀರಿನ ವಾಸನೆ. ಅವನು ಊದಲಿಲ್ಲ.

ಮಾರನೇ ರಾತ್ರಿಯೂ ಹಾಗೇ ಆಯಿತು. 'ಟಕ್.' ಕಿತ್ತಳೆ ದೀಪ. ಒಂದೇ ಮಿಣುಕು. ಕನಕರಾಜು ಉಸಿರು ಬಿಗಿಹಿಡಿದು ಕಾದ. ಅವನು ಅಲ್ಲಿಯ ತನಕ ಎಷ್ಟೋ ಯಂತ್ರಗಳನ್ನು ಸಿಕ್ಕಿಸಿ ನೋಡಿದ್ದ. ಎಂಥ ಹಳೇ ಡಬ್ಬಾ ಆದರೂ ಉತ್ತರ ಸಿಗುವ ತನಕ ಮತ್ತೆ ಮತ್ತೆ ಕೂಗುತ್ತದೆ. ಒಂದೇ ಸಲ ಕೂಗಿ ಸುಮ್ಮನಾಗುವ ಯಂತ್ರವನ್ನು ಅವನು ನೋಡಿರಲಿಲ್ಲ. ದೀಪ ಆರಿತು. ಕನಕರಾಜು ಲ್ಯಾಪ್‌ಟಾಪು ಪಕ್ಕಕ್ಕಿಟ್ಟು, ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ದಿನಾ ಬಾವಿಯ ಹತ್ತಿರ ನಿಂತು ಕಾದವನಿಗೆ ಕೂಗು ಬಂದದ್ದು ಇಲ್ಲಿ. ಇಲ್ಲಿಯೂ ಬಾಗಿಲು ಮುಚ್ಚಿಯೇ ಇತ್ತು.

ಮೂರನೇ ರಾತ್ರಿಯೇ ಕೊನೆ. ಬೆಳಗಾದರೆ ಇನ್‌ಚಾರ್ಜ್ ಬಂದು ಎಲ್ಲ ನೋಡಿಕೊಂಡು ಬೀರುವಿಗೆ ಬೀಗ ಹಾಕುತ್ತಾನೆ. ಇವರು ಬೇರೆ ಕಾರ್ಖಾನೆಗೆ. ಕನಕರಾಜು ಬಂದವನೇ ಸ್ವಿಚ್ಚಿನ ಮುಂದೆ ಕೂತು ಲ್ಯಾಪ್‌ಟಾಪಿನ ಕೀಲಿಗಳನ್ನು ಒತ್ತತೊಡಗಿದ. ಆ ಖಾಲಿ ಶೆಡ್ಡಿನಲ್ಲಿ ಟಕಟಕ ಸದ್ದು ಫೋನಿನಾಚೆಗೂ ಕೇಳಿತು.

"ಏನ್ ಮಾಡ್ತಿದೀಯ್ಲಾ?" ಅಸದುಲ್ಲಾ ಪಿಸುದನಿಯಲ್ಲಿ ಕೇಳಿದ.

"ಹನ್ನೊಂದನ್ನ ಮೊದಲ್ನೇ ಕೂಗಿಗೇ ತಗ್ಯಂಗೆ ಮಾಡ್ತಾವ್ನಿ."

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, "ಲೇ ಕನಕ... ಒಂದೇ ಸಲ ಕೂಗಿದ್ದಕ್ಕೆ ಓ ಅಂದ್ರೆ ಎತ್ಕೊಂಡ್ ಹೋಯ್ತದೆ ಅಂತ ನೀನೇ ಹೇಳಿದ್ದಲ್ಲೇನೋ... ಬ್ಯಾಡ ಕಣೋ."

"ಎತ್ಕೊಂಡ್ ಹೋಗ್ಲಿ."

"ಯಾ ಅಲ್ಲಾ..."

"ಅವತ್ತು ಕೂಗ್ದ ಭಾಯ್, ನಮ್ಮಪ್ಪ. ಬಾವಿಯೊಳ್ಗಿಂದ. ನಂಗೆ ಕೇಳುಸ್ತು. ನಾನು ಎಲ್ಡನೇ ಕೂಗು ಕಾಯ್ಕಂಡು ಮೇಲೇ ನಿಂತಿದ್ದೆ."

ಬಾಯಿ ಬಿಟ್ಟು ಅದನ್ನು ಹೇಳಿದ್ದು ಅದೇ ಮೊದಲು. ಅಸದುಲ್ಲಾ ಫೋನು ಇಡಲಿಲ್ಲ.

ಕಾದರು. ಫ್ಯಾನು ಗುಂಯ್ ಅನ್ನುತ್ತಿತ್ತು. ದೂರದಲ್ಲಿ ಮೈಸೂರು ಕಡೆಯ ರೈಲು ಉದ್ದಕ್ಕೆ ಕೂಗಿಕೊಂಡು ಹೋಯಿತು. ಪ್ಲಾಸ್ಟಿಕ್ಕಿನ ಒಂದು ಹೊದಿಕೆ ಸರಪರ ಅಂತು... ಗಾಳಿ ಇರಲಿಲ್ಲ.

'ಟಕ್.'

ಕಿತ್ತಳೆ ಬರಲಿಲ್ಲ. ನೇರ ಹಸಿರು. ಒಂದು ಮಿಣುಕು.

"ಅಡ್ರೆಸ್ ಹೋಯ್ತು ಕಣ್ಲಾ..." ಅಸದುಲ್ಲಾನ ದನಿ ನಡುಗುತ್ತಿತ್ತು. "ತಗೊಂತು ಅದು. ಕೇಳಿದ್ ತಕ್ಷಣ ಹೋಯ್ತು. ಕಂಪ್ಯೂಟರ್ ಹೆಸರಿರೋ ಜಾಗ ಖಾಲಿ ಐತೆ. ಯಾವ್ದ್ ಹಾಕ್ದೆ?"

"ಯಾವ್ದೂ ಹಾಕಿಲ್ಲ."

ದೀಪ ಆರಲಿಲ್ಲ. ಹಸಿರಾಗಿ ಉರಿಯುತ್ತಲೇ ಇತ್ತು. ಪಾಚಿಯ ವಾಸನೆ ಶೆಡ್ಡಿನ ತುಂಬ ಹರಡಿತು. ಕನಕರಾಜು ಮೊಣಕಾಲೂರಿದ. ಇಷ್ಟು ದಿನ ಏನೇನೋ ಕೂಡಿಟ್ಟುಕೊಂಡಿದ್ದ, ಸಿಕ್ಕರೆ ಹೀಗನ್ನಬೇಕು ಹಾಗನ್ನಬೇಕು ಅಂತ. ಒಂದೂ ನಾಲಗೆಗೆ ಬರಲಿಲ್ಲ. ಆಗ ಅವನಿಗೆ ಒಂದು ಹೊಳೆಯಿತು. ಆ ಕತ್ತಲೊಳಗೆ ಇರುವ ಅಪ್ಪನಿಗೆ ಈ ಕಡೆಯ ದನಿ ಯಾರದು ಅಂತ ಹೇಗೆ ಗೊತ್ತಾಗಬೇಕು? ಒಂದೇ ಸಲಕ್ಕೆ ಅಪ್ಪನೂ ಓಗೊಡುವವನಲ್ಲ. ಮನುಷ್ಯರ ಹಾಗೆ ಕರೆಯಬೇಕು.

ಬೀರುವಿನ ಹತ್ತಿರ ಬಾಯಿ ತಂದು ಕರೆದ.

"ಅಪ್ಪಾ..."

ಏನಿಲ್ಲ.

"ಅಪ್ಪಾ..."

ಫ್ಯಾನು ನಿಂತುಹೋಯಿತು. ಇಡೀ ಶೆಡ್ಡು ಕಿವಿಗೊಟ್ಟ ಹಾಗಾಯಿತು.

"ಅಪ್ಪಾ..."

"ಓ..."

ಸ್ವಿಚ್ಚಿನಿಂದ ಬಂದದ್ದಲ್ಲ. ಫೋನಿನಿಂದಲ್ಲ. ಶೆಡ್ಡಿನ ಆ ತುದಿಯಿಂದ, ಪ್ಲಾಸ್ಟಿಕ್ ಹೊದ್ದ ಯಂತ್ರಗಳ ಆಚೆಯಿಂದ ಬಂತು. ಹೊಲದ ಈ ಮೂಲೆಯಿಂದ ಮಗ ಕರೆದರೆ ಮಂದೆಯ ಆ ಮೂಲೆಯಿಂದ ಪುಟ್ಟಲಿಂಗಯ್ಯ ಓಗೊಡುತ್ತಿದ್ದನಲ್ಲ, ಕೊನೆಗೆ ಸ್ವಲ್ಪ ಎಳೆದು, ಅದೇ 'ಓ'.

ಕನಕರಾಜು ಆ ದನಿಯ ಕಡೆ ತಿರುಗಿದ. ಕೂತಲ್ಲೇ ನೆಲ ಹಿಡಿದುಕೊಂಡು ಬಿಕ್ಕಿದ.

"ನಂಗೆ ಕೇಳುಸ್ತು ಅಪ್ಪಾ. ಅವತ್ತು... ನಂಗೆ ಕೇಳುಸ್ತು."

ಹಸಿರು ದೀಪ ಒಂದು ಸಲ ಮಿಣುಕಿತು. ಆರಿತು. ಫ್ಯಾನು ಮತ್ತೆ ಗುಂಯ್ ಅಂತು.

ನೆಲದ ಮೇಲಿದ್ದ ಫೋನಿನಿಂದ ಅಸದುಲ್ಲಾನ ಪಿಸುದನಿ ಬರುತ್ತಲೇ ಇತ್ತು. "ಕನಕ... ಲೇ ಕನಕ... ಈಗ ಓ ಅಂದಿದ್ದು ಯಾರ್ಲಾ?" ಅಸದುಲ್ಲಾ ಈಗಲೂ ಚನ್ನಪಟ್ಟಣದಲ್ಲೇ ಇದ್ದಾನೆ. ನಂಬಿಕೆ ಇಲ್ಲದಿದ್ದರೆ ಹೋಗಿ ಕೇಳಿ. ಇಲ್ಲಿಯ ತನಕ ಹೇಳುತ್ತಾನೆ, ಆಮೇಲೆ ಎದ್ದು ಒಳಗೆ ಹೋಗಿಬಿಡುತ್ತಾನೆ.

ಕನಕರಾಜು ಮೊದಲ ರೈಲಿನ ಹೊತ್ತಿನ ತನಕ ಅಲ್ಲೇ ಕೂತಿದ್ದ. ಅವನನ್ನು ಎತ್ತಿಕೊಂಡು ಹೋಗಲು ಯಾರೂ ಬರಲಿಲ್ಲ. ಬಂದಿದ್ದರೆ ಹೋಗುತ್ತಿದ್ದೆ ಅಂತ ಆಮೇಲೆ ನನ್ನ ಹತ್ತಿರ ಅಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ಮನೆಗೆ ಬಂದಾಗ ಕೃಷ್ಣಮ್ಮ ಅಂಗಳ ಗುಡಿಸುತ್ತಿದ್ದಳು. ನಾನು ಹಾಲು ಕೊಡಲು ಹೋಗಿದ್ದವನು ಜಗಲಿಯ ಹತ್ತಿರ ನಿಂತಿದ್ದೆ. ನಾನಿದ್ದೇನೆ ಅನ್ನುವುದೂ ಅವನಿಗೆ ಕಾಣಲಿಲ್ಲ. ಚೀಲ ಕೂಡ ಇಳಿಸದೆ ಹೇಳಿದ.

"ಅವ್ವಾ, ಅವತ್ತು ಅಪ್ಪ ಕೂಗ್ದ. ಒಂದೇ ಸಲ. ನಾನು ಓ ಅನ್ನಿಲ್ಲ ಕಣವ್ವ. ನಿನ್ ತಾವ ಸುಳ್ಳೇಳ್ಬುಟ್ಟೆ."

ಕೃಷ್ಣಮ್ಮನ ಕೈಯಲ್ಲಿ ಪೊರಕೆ ಹಾಗೇ ನಿಂತಿತು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂತ ನಾನು ಕಾದೆ.

"ಹೇಳ್ಕೊಟ್ಟಿದ್ದು ಅವ್ರೇ ಅಲ್ವಾ ಮಗ," ಅಂದಳು. "ನೀನು ಅವ್ರ ಮಾತು ನಡುಸ್ದೆ."

ಅಷ್ಟು ಹೇಳಿ ಜಗಲಿಯ ಮೇಲೆ ಕುಸಿದು ಕೂತಳು. ಗಂಡನನ್ನು ಮಣ್ಣು ಮಾಡಿದ ದಿನ ಅವಳು ಹಾಗೆ ಅತ್ತಿರಲಿಲ್ಲ. ಮಗ ಅವಳ ಮಡಿಲಿಗೆ ಬೋಳು ತಲೆಯಿಟ್ಟ. ನಾನು ಹಾಲಿನ ಚೆಂಬು ಹಿಡಿದು ನಿಂತೇ ಇದ್ದೆ, ಹೋಗುವುದೋ ಇರುವುದೋ ತಿಳಿಯದೆ.

ಆಮೇಲೆ ಕೃಷ್ಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಹಾಲು ಇಸಿದುಕೊಂಡು, ಒಲೆ ಹಚ್ಚಲು ಎದ್ದಳು. ಬಾಗಿಲು ದಾಟುತ್ತ, ಏನೋ ಮರೆತಿದ್ದು ನೆನಪಾದವಳ ಹಾಗೆ ಅಂದಳು.

"ರಾತ್ರಿ ನೀನು ಬರ್ನಿಲ್ಲ ಅಂತ ಕೂತಿದ್ನಾ... ಗೂಡ್ನಾಗಿರೋ ಬ್ಯಾಟ್ರಿ ತಂತಾನೇ ಹತ್ಕಂಡಿತ್ತು ಕಣಪ್ಪ. ಒಸಿ ಹೊತ್ತು ನೋಡ್ಕಂಡು ಕೂತಿದ್ದೆ. ಸೆಲ್ಲು ಸುಮ್ನೆ ದಂಡ ಆಯ್ತದೆ ಅಂತವ ಆರ್ಸಿ ಮನಿಕ್ಕಂಡೆ."

ಕನಕರಾಜು ಎದ್ದು ಗೂಡಿಗೆ ಕೈ ಹಾಕಿದ. ಬ್ಯಾಟ್ರಿಯ ಬುಡ ತಿರುಪಿ ತೆಗೆದ. ಒಳಗೆ ನೋಡಿದ. ಆಮೇಲೆ ನನ್ನ ಕೈಗೆ ಕೊಟ್ಟ. ನಾನೂ ನೋಡಿದೆ, ಬೋರಲು ಹಾಕಿ ಅಂಗೈಗೆ ತಟ್ಟಿದೆ. ಅದರೊಳಗೆ ಸೆಲ್ಲು ಇರಲಿಲ್ಲ. ಅವನು ಅವತ್ತು ಅವನ್ನು ತಿಪ್ಪೆಗೆ ಎಸೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.